ಖಾಲಿ ಮರ ಕೇರಿಸಿದ ಸಾಹೇಬ

ಆಳಂದ ತಾಲೂಕಿನಾಗ ನನ್ನಂಗ ತೊಗರಿ ಕೇರಾಕಿ ಹಿಂದ ಹುಟ್ಟಿಲ್ಲ, ಮುಂದ ಹುಟ್ಟಂಗಿಲ್ಲ. ಬಿದಿರಿನ ಮರ, ಅದೇ ಕಾಳ ಕೇರೋ ಮೊರ, ಎತ್ತಿ ಒಂದ್ ಸಲ ಝಾಡಿಸಿದೆ ಅಂದ್ರ ಹೊಟ್ಟು ಅಫಜಲಪುರ ದಾಟಿ, ಜೇವರ್ಗಿ ಬಜಾರದಾಗ ಚಾ ಕುಡ್ಯಾವರ ಬಶಿಯೊಳಗ ಬೀಳ್ತಿತ್ತು. ಯಾಕ ನಗ್ತಿ ತಂಗಿ? ಹೋಗ್ಲಿ ಬಿಡು, ಅರ್ಧ ಸುಳ್ಳು. ಜೇವರ್ಗಿ ತನಕ ಹೋಗ್ತಿದ್ದಿಲ್ಲ. ಆದ್ರ ಜಗದೇವ ಸಾಹೇಬನ ಕತಿ ಖರೆ ಅದ. ಬಾಯಿ ಮುಚ್ಚಿ ಕೇಳು.

"ಸಾಹೇಬ್ರ, ಕೈ ಮುಗೀತೇನಿ. ಖಾಲಿ ಮರ ಕೇರಸಬ್ಯಾಡ್ರಿ," ಅಂದ್ಳು ಗೌಸಿಯಾಬೇಗಂ.

ಹಿರೋಳ್ಳಿ ರಸ್ತಾದ ಮ್ಯಾಲಿನ ದಾಲ್ ಮಿಲ್ಲಿನಾಗ ಎಲ್ಲಾರಕಿಂತ ಹಳೇ ಕೆಲಸದಾಕಿ ಅಂದ್ರ ಈ ಗೌಸಿಯಾಬೇಗಂ. ಹೆಣ್ಮಕ್ಕಳು ಆಕಿಗಿ ಖಾಲಾ, ಅಂದ್ರ ಚಿಗವ್ವ, ಅಂತಿದ್ರು. ಜಗದೇವ ಕಲಬುರ್ಗಿಯಿಂದ ಬಂದ ಹೊಸ ಮ್ಯಾನೇಜರ. ಗುಂಡಗ, ತಿದ್ದಿದ ಮೀಸಿ, ಇಸ್ತ್ರಿ ಅಂಗಿ. ಎಂಬತ್ತು ಕಿಲೋ ಆಳು. ನಡದ್ರ ನೆಲ ಅಂವನ್ನ ಕೇಳಿ ಉಸಿರು ಬಿಡ್ತಿತ್ತು.

ಅವತ್ತು ರಾಶಿ ಮುಗದಿತ್ತು. ತೊಗರಿ ಲಾರಿ ಬಂದಿದ್ದಿಲ್ಲ. ಮಧ್ಯಾಹ್ನ ಮಾಲಕ ಬರಾಂವ ಇದ್ದ. ಹೆಣ್ಮಕ್ಕಳು ಖಾಲಿ ಕೈಲೆ ನಿಂತದ್ದು ಮಾಲಕನ ಕಣ್ಣಿಗಿ ಬೀಳಬಾರದು ಅಂತ ಜಗದೇವ ಹುಕುಂ ಮಾಡಿದ: "ಕಾಳ ಇರಲಿ ಬಿಡಲಿ, ಮರ ಹಿಡ್ಕೊಂಡು ಕೇರ್ರಿ. ಕೈ ಆಡಾಕತ್ತಿರಬೇಕು."

"ಕಾಳಿಲ್ಲದ ಮರ ಕೇರಿದ್ರ ಅದು ಎದುರಿಗಿ ನಿಂತ ಮನಶಾನ್ನ ಕೇರ್ತದರಿ," ಖಾಲಾನ ದನಿ ಸಣ್ಣಗಾತು. "ನಮ್ಮ ಮನಿಯಾಗ ಸಣ್ಣ ಹುಡುಗರಿಗೂ ಆಡಾಕ ಕೊಡಂಗಿಲ್ಲ. ಮತ್ತ ಅಲ್ಲಿ ಮಧುಮತಿ ನಿಂತಾಳ. ಆಕಿ ಕೈಯಾಗ ಅಂತೂ ಕೊಡಬ್ಯಾಡ್ರಿ."

"ಏ ಮುದುಕಿ! ಹೊಟ್ಟಿನ ಜೋಡಿ ನಿನ್ನ ಅಕಲನೂ ಹಾರಿಹೋಗ್ಯಾದೇನು?" ಜಗದೇವ ಹೊಟ್ಟಿ ಕುಣಿಸಿ ನಕ್ಕ. "ನನ್ನ ಕೇರಾಕ ಮರ ಅಲ್ಲ, ಕ್ರೇನ್ ತರಬೇಕು. ಏ ಮಧುಮತಿ, ಮುಂದ ಬಾ. ನೀನ ಶುರು ಮಾಡು."

ಮಧುಮತಿ ಮುಂದ ಬಂದ್ಳು. ಅವತ್ತಿಗಿ ಹದಿನಾರು ದಿನದ ಹಿಂದ ಆಕಿ ಆರು ತಿಂಗಳ ಬಸರಿ ಇದ್ದಳು. ಸೊಂಟ ಹಿಡದದ, ಒಂದ್ ಗಳಿಗಿ ಕುಂದರತೇನಿ ಸಾಹೇಬ್ರ ಅಂದಿದ್ಳು. "ಕುಂತು ಉಣ್ಣಾಕ ಇದು ನಿನ್ನ ತವರಮನಿ ಏನು ಬೇ?" ಅಂದಿದ್ದ ಜಗದೇವ. ನಿಂತಳು. ಸಂಜಿಮುಂದ ನಿಂತ ಜಾಗದಾಗೇ ಕುಸದು ಬಿದ್ದಳು. ಬಸರು ಉಳೀಲಿಲ್ಲ. ಅವತ್ತಿನಿಂದ ಆಕಿ ಒಂದ್ ಮಾತೂ ಆಡಿದ್ದಿಲ್ಲ.

ಮಿಲ್ಲಿನಾಗ ಹಗಲೇ ಮಬ್ಬು. ತಗಡಿನ ಸಂದಿಯಿಂದ ಬೀಳೋ ಬಿಸಲಿನಾಗ ಬ್ಯಾಳಿ ಧೂಳು ಹಳದಿ ಹೊಗಿ ಆಗಿ ತಿರಗತಿತ್ತು. ತೊಗರಿಗಿ ಹಚ್ಚೋ ಎಣ್ಣಿ ವಾಸನಿ, ಗೋಣಿ ಚೀಲದ ವಾಸನಿ ಗಂಟಲದಾಗ ಕುಂತಿತ್ತು. ಮಧುಮತಿ ಜಗದೇವನ ಎದುರಿಗಿ ನಿಂತು ಖಾಲಿ ಮರ ಎತ್ತಿದ್ಳು.

ಫಟ್.

ಮರದಾಗ ಏನೂ ಇದ್ದಿಲ್ಲ. ಆದ್ರ ಏನೋ ಮ್ಯಾಲ ಎದ್ದು ಕೆಳಗ ಬಿದ್ದಂಗ ಸಪ್ಪಳ ಆತು. ಜಗದೇವನ ಎದಿಯೊಳಗ ಬಿಸಿ ಗಾಳಿ ಆಡಿ ಹೋತು. ಉಳಿದ ಹೆಣ್ಮಕ್ಕಳು ತಮ್ಮ ಮರ ನೆಲಕ್ಕ ಇಟ್ಟು ಹಿಂದಕ ಸರದ್ರು.

ಫಟ್. ಫಟ್.

"ಸಾಕು," ಅಂದ ಜಗದೇವ. ಆಕಿ ನಿಲ್ಲಸಲಿಲ್ಲ. "ಸಾಕಂದ್ನಿ! ಆ ಮರ ತಗೊಂಡ ಮನಿಗಿ ನಡಿ. ನಾಳಿಂದ ಈ ಗೇಟಿನೊಳಗ ಕಾಲಿಡಬ್ಯಾಡ!"

ಹಿಂಗ ಅಂವ ಕೆಲಸಾ ಕಸಗೊಂಡ, ಮರ ಮಾತ್ರ ಆಕಿ ಕೈಯಾಗೇ ಕೊಟ್ಟ.

ಮರುದಿನ ಮಿಲ್ಲಿನ ತೂಕದ ಕಾಟಾ ನೋಡೋ ಇಸ್ಮಾಯಿಲ ಮುಂಜಾನೆ ಕಾಟಾ ಸರಿ ಅದನೋ ಇಲ್ಲೋ ನೋಡಾಕ ಸಾಹೇಬನ್ನ ಅದರ ಮ್ಯಾಲ ನಿಲ್ಲಿಸಿದ. ಅದು ದಿನದ ಪದ್ಧತಿ. ಅರವತ್ತೊಂದು ಕಿಲೋ.

"ಕಾಟಾ ಕೆಟ್ಟದ ಲೇ!"

"ಇಲ್ರಿ ಸಾಹೇಬ್ರ. ಚೀಲ ಇಟ್ಟು ನೋಡೇನಿ. ಕಾಟಾ ಬರೋಬರಿ ಅದ."

ಅದರ ಮರುದಿನ ನಲವತ್ತ ನಾಕು. ಹೊಟ್ಟಿ ಹಂಗೇ ಗುಂಡಗ ಇತ್ತು, ಬೆಲ್ಟಿನ ತೂತು ಅದೇ ಇತ್ತು, ಒಳಗಿನ ವಜ್ಜಿ ಮಾತ್ರ ಹೋಗಾಕತ್ತಿತ್ತು. ಕಲಬುರ್ಗಿ ಡಾಕ್ಟರ ರಕ್ತ ನೋಡಿ, ಫೋಟೋ ತಗದು, ಎಲ್ಲಾ ಛಲೋ ಅದ ಅಂದ. ಧೂಳಿನಾಗ ನಡದ್ರ ಅಂವನ ಚಪ್ಪಲಿ ಗುರುತು ಬೀಳ್ತಿದ್ದಿಲ್ಲ. ಫ್ಯಾನ್ ಹಚ್ಚಿದ್ರ ಕುರ್ಚಿ ಹಿಡ್ಕೊಂಡು ಕುಂದರಬೇಕು. ಬೈದ್ರ ದನಿ ಬಾಯಿ ಮುಂದೇ ಉದರತಿತ್ತು. ಕೆಲಸದ ಹೆಣ್ಮಕ್ಕಳು "ಏನಂದ್ರಿ?" ಅಂತ ಕೇಳಿ, ಸೆರಗಿನಾಗ ನಗತಿದ್ರು. ನಗಲಿ ಬಿಡು. ವರ್ಷಗಟ್ಟಲೆ ನುಂಗಿದ ನಗಿ ಅದು.

ಮತ್ತ ಆ ಸಪ್ಪಳ. ಉಣ್ಣಾಗ, ಫೋನಿನಾಗ ಮಾತಾಡಾಗ, ಕಿವಿಯಾಗ ಹತ್ತಿ ತುರಕಿಕೊಂಡ್ರೂ ಬಿಡಲಿಲ್ಲ. ಫಟ್. ಫಟ್. ಒಂದೊಂದು ಏಟಿಗಿ ಅಂವನ ಪಾದ ನೆಲ ಬಿಟ್ಟು ಕೂದಲೆಳಿಯಷ್ಟು ಏಳತಿತ್ತು.

ಆರನೇ ದಿನ ಮಟಮಟ ಮಧ್ಯಾಹ್ನ ಜಗದೇವ ಎರಡೂ ಕಿಸೆದಾಗ ಕಲ್ಲು ತುಂಬ್ಕೊಂಡು, ಎದಿಗಿ ಅರ್ಧ ಚೀಲ ತೊಗರಿ ಅಪ್ಪಿಕೊಂಡು ಮಧುಮತಿ ಮನಿಗಿ ಬಂದ. ಆಷಾಢದ ಗಾಳಿ. ಕಂಬದಿಂದ ಕಂಬಕ್ಕ, ಗ್ವಾಡಿಯಿಂದ ಗ್ವಾಡಿಗಿ ಹಿಡ್ಕೊಂತ ಬಂದ. ಅಂಗಳದಾಗ ಮಧುಮತಿ ನಿಂತು ಇನ್ನೂ ಅದೇ ಖಾಲಿ ಮರ ಕೇರಾಕತ್ತಿದ್ಳು. ಅಂಗೈ ಒಡದು ಬಿದಿರಿಗಿ ರಕ್ತ ಹತ್ತಿತ್ತು. ರೆಪ್ಪಿ ಬಡದಿದ್ದಿಲ್ಲ. ಬಾಜೂಕ ಖಾಲಾ ನೀರಿನ ತಂಬಗಿ ಹಿಡದು ಕುಂತಿದ್ಳು.

"ಯವ್ವಾ, ನಿಲ್ಲಸು," ಅಂದ ಜಗದೇವ. ಸಣ್ಣ ಗುಂಗಾಡು ಗುಂಯ್ ಅಂದಂಗ ಕೇಳಿಸ್ತು. "ತಪ್ಪಾತು. ಕೆಲಸಾ ಕೊಡತೇನಿ. ದೊಡ್ಡ ಕೆಲಸಾ ಕೊಡತೇನಿ."

ಆಗ ಆಕಿ ಬಾಯಿ ಬಿಟ್ಟಳು. ಇಪ್ಪತ್ತೆರಡು ದಿನದಾಗ ಅದೇ ಮೊದಲ ಮಾತು.

"ನನ್ನ ಕೂಸು ಕೊಡ್ರಿ ಸಾಹೇಬ್ರ."

ಜಗದೇವ ಖಾಲಾನ ಕಡಿ ತಿರಗಿದ.

"ನಿಲ್ಲಸಾಕ ಬರಂಗಿಲ್ಲ," ಅಂದ್ಳು ಖಾಲಾ. "ಆಕಿ ಕೈ ಈಗ ಆಕಿ ಮಾತು ಕೇಳಂಗಿಲ್ಲ. ಹಿಂಗೇ ಬಿಟ್ರ ಆಕೀನೂ ಸಾಯ್ತಾಳ, ನೀನೂ ಹೋಗ್ತಿ. ಒಂದೇ ಹಾದಿ ಅದ. ಖಾಲಿ ಮರಕ್ಕ ಏನರ ಬೇಕು. ನೀನ ಒಳಗ ಕುಂದರು. ಒಂದ್ ಸಲ ಎತ್ತಿ ಕೇರ್ತಾಳ. ನಿನ್ನೊಳಗ ಒಂದರ ಕಾಳ ಇದ್ರ ತಿರುಗಿ ಮರದಾಗ ಬೀಳ್ತಿ. ವಜ್ಜಿ ಬರ್ತದ. ಬರೇ ಹೊಟ್ಟಾದ್ರ..."

"ಆದ್ರ?"

"ಗಾಳಿ ಭಾಳ ಅದ ಬೇಟಾ."

ಜಗದೇವ ತೊಗರಿ ಚೀಲ ಬಿಟ್ಟ. ಕಲ್ಲು ಚೆಲ್ಲಿದ. ಅಂತಾ ಗುಂಡನೆಯ ಮನಶಾ ಮರದ ತುದಿ ಹಿಡದು ಒಳಗ ಮುದ್ದಿ ಆಗಿ ಕುಂತ. ಬಿದಿರು ಕಿರ್ ಅನಲಿಲ್ಲ. ಕಣ್ಣು ಮುಚ್ಚಿ ತನ್ನೊಳಗ ಹುಡುಕಾಕತ್ತಿದ. ಒಂದ್ ಕಾಳ. ಒಂದೇ ಒಂದು. ಇಸ್ಮಾಯಿಲಗ ತಂಗಿ ಮದವಿಗಿ ರಜಾ ಕೊಟ್ಟಿದ್ದ. ಇಲ್ಲ, ಊಟಕ್ಕ ಕುಂತಾಗೇ ಫೋನ್ ಮಾಡಿ ಕರಸಿದ್ದ. ಅವ್ವಗ ಸೀರಿ ಒಯ್ದಿದ್ದ. ಇಲ್ಲ, ಅದು ಯಾರೋ ಕೊಟ್ಟದ್ದು. ಮತ್ತೇನು? ಮತ್ತೇನದ?

ಸಿಕ್ತು!

ಮಧುಮತಿ ಕುಸದು ಬಿದ್ದ ದಿನ ಆಟೋ ಕರಸಿದಾಂವ ಅಂವನೇ. ಓಡಿಹೋಗಿ ಕರಸಿದ್ದ. ಆದ್ರ ಯಾಕ ಕರಸಿದ್ದ? ಆಕಿ ಜೀವ ಉಳೀಲಿ ಅಂತನೋ? ಮಾಲಕ ಬರೂದ್ರಾಗ ನೆಲ ಸಾಫ್ ಆಗ್ಲಿ ಅಂತನೋ? ನೆನಸಿದ. ನೆನಪಾಗಲಿಲ್ಲ. ಇನ್ನೊಂದ್ ಸಲ ನೆನಸಿದ. ಮಧುಮತಿ ಉಸಿರು ಎಳದ್ಳು. ತೋಳು ಬಿಗಿದ್ವು. ಗಾಳಿ ಬಂತು. ಖಾಲಾ ಕಣ್ಣು ಮುಚ್ಚಿದ್ಳು.

ಫಟ್.

ಎದ್ದ. ಗ್ವಾಡಿ ದಾಟಿ ಎದ್ದ. ಬೇವಿನ ಗಿಡದ ತುದಿ ಮಟ ಎದ್ದ. ಅಂಗಿ ತುಂಬ ಗಾಳಿ. ಕೆಳಗ ಎರಡು ರಕ್ತದ ಅಂಗೈ, ನಡುವ ಬಾಯಿ ತೆರೆದ ಮರ.

ನನ್ನ ಮಾರಿ ಏನು ನೋಡ್ತಿ ತಂಗಿ? ನಿನ್ನ ಆಫೀಸಿನಾಗೂ ಒಬ್ಬ ಸಾಹೇಬ ಅದಾನಲ್ಲ, ಅಂವನ್ನ ಚಂದಾಗಿ ಕಣ್ಣಾಗ ತಂದ್ಕೋ. ತಂದ್ಕೊಂಡಿ? ಈಗ ನೀನ ಹೇಳು. ಮರದಾಗ ಬಿದ್ನೋ, ಗಾಳಿಗಿ ಹೋದ್ನೋ?