ಕೆಂಪು ದಿಂಬಿನ ಕುರ್ಚಿ

"ಬಲತುದಿಯ ಕುರ್ಚಿ ಕೊಟ್ರೆ ಬೇಡ ಅಂದ್ಬಿಡಿ ಡಾಕ್ಟ್ರೇ. ಬೇಡ ಅನ್ನೋಕೆ ಆಗದಿದ್ರೆ, ಅದರ ಮೇಲೆ ಕೂತು ಯಾರ ಮೈ ಬಗ್ಗೆಯೂ ತುಟಿ ಬಿಚ್ಚಬೇಡಿ. ನಿಮ್ಮ ಕೈ ಹಿಡ್ಕೊಂಡು ಕೇಳ್ತಿದೀನಿ."

ಹಾಗೆಂದ ನೃತ್ಯದ ಟೀಚರ್ ನಿಜಕ್ಕೂ ಕೈ ಹಿಡಿದುಕೊಂಡಿದ್ದರು. ಹಿಡಿತ ತಣ್ಣಗಿತ್ತು. ಪರೀಕ್ಷೆಯ ಮಂಚದ ಮೇಲೆ ಚಾಚಿದ್ದ ಅವರ ಬಲಗಾಲು ಮೊಣಕಾಲಿನಿಂದ ಕೆಳಕ್ಕೆ ಒಣಗಿದ ಕೊಂಬೆಯಂತಿತ್ತು. ಬೂದಿ ಬಣ್ಣದ ಚರ್ಮ ಎಲುಬಿಗೆ ಅಂಟಿಕೊಂಡು ಬಿರಿದಿತ್ತು. ಒಂದು ಕಾಲದಲ್ಲಿ ಊರಿನ ಅರ್ಧ ಹೆಣ್ಣುಮಕ್ಕಳಿಗೆ ಹೆಜ್ಜೆ ಕಲಿಸಿದ ಕಾಲು ಅದು.

ಚರ್ಮದ ಡಾಕ್ಟರ್ ನಗು ತಡೆದುಕೊಂಡಳು. ಊರಿಗೆ ಬಂದು ಕ್ಲಿನಿಕ್ ತೆರೆದು ವರ್ಷವಾಗುವಷ್ಟರಲ್ಲಿ ಅವಳು ಮನೆಮಾತಾಗಿದ್ದಳು. ಅದಕ್ಕೆ ಕಾರಣ ಅವಳ ಮುಲಾಮುಗಳಿಗಿಂತ ಅವಳ ನಾಲಿಗೆ. ಸ್ಥಳೀಯ ಟಿ.ವಿ.ಯಲ್ಲಿ ಬೆಳಗಿನ ಹೊತ್ತು ಮೊಡವೆ, ತಲೆಹೊಟ್ಟುಗಳ ಬಗ್ಗೆ ಚಟಾಕಿ ಹಾರಿಸುತ್ತ ಮಾತಾಡುತ್ತಿದ್ದಳು. ಆ ಚಟಾಕಿಗಳಿಗಾಗಿಯೇ ಸೌಂದರ್ಯ ಸ್ಪರ್ಧೆಯವರು ಅವಳನ್ನು ತೀರ್ಪುಗಾರ್ತಿಯಾಗಿ ಕರೆದಿದ್ದರು.

"ಟೀಚರ್, ಇದು ನರದ ಕಾಯಿಲೆ. ಇದಕ್ಕೊಂದು ಹೆಸರಿದೆ."

"ಹೆಸರು ಎಲ್ಲ ಡಾಕ್ಟ್ರೂ ಕೊಟ್ರು. ಕಾಲು ಯಾರೂ ವಾಪಸ್ ಕೊಡಲಿಲ್ಲ."

ಆಮೇಲೆ ಟೀಚರ್ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, ತಾವೂ ಒಮ್ಮೆ ತೀರ್ಪುಗಾರರಾಗಿ ಕೂತಿದ್ದ ಆ ಕುರ್ಚಿಯ ಕತೆ ಹೇಳಿದರು. ಸಭಾಂಗಣದ ಹಿಂದಿನ ಓಣಿಯಲ್ಲಿ ಹಾಸಿಗೆ ಹೊಲಿಯುವ ಹೆಂಗಸೊಬ್ಬಳಿದ್ದಳು. ಅವಳ ಮಗಳಿಗೆ ವೇದಿಕೆ ಹತ್ತುವ ಆಸೆ. ಹುಡುಗಿಯ ಅಪ್ಪ ಬೇಡವೆಂದ, ಅಜ್ಜಿ ಊಟ ಬಿಟ್ಟಳು, ದೊಡ್ಡಪ್ಪ ಬಾಗಿಲಿಗೆ ಅಡ್ಡ ನಿಂತ. ನಾಲ್ಕು ಜನರ ಮುಂದೆ ನಿಲ್ಲುವ ಹೆಣ್ಣು ಮನೆಗೆ ಬೇಡ ಎಂದರು. ತಾಯಿ ಒಬ್ಬಳೇ ಎಲ್ಲರನ್ನೂ ಎದುರು ಹಾಕಿಕೊಂಡು ಮಗಳನ್ನು ಕೈಹಿಡಿದು ಕರೆತಂದಳು. ಆಗೆಲ್ಲ ವೇದಿಕೆಯ ಮೇಲೇ ಟೇಪು ಹಿಡಿದು ಮೈ ಅಳೆಯುತ್ತಿದ್ದರು. ಬಲತುದಿಯ ಕುರ್ಚಿಯಲ್ಲಿದ್ದ ತೀರ್ಪುಗಾರ ಮೈಕಿನಲ್ಲಿ, "ಇವಳಿಗೆ ಟೇಪು ಸಾಲಲ್ಲ, ಹಗ್ಗ ತನ್ನಿ" ಎಂದ. ಜನ ಬಿದ್ದು ಬಿದ್ದು ನಕ್ಕರು. ಹುಡುಗಿ ಮನೆಗೆ ಹೋಗಿ ಅನ್ನ ಬಿಟ್ಟಳು. ಯಾರು ಬೇಡಿಕೊಂಡರೂ ಬಾಯಿ ತೆರೆಯಲಿಲ್ಲ. ಕೊನೆಗೆ ಹಾಸಿಗೆಯ ಮೇಲೆ ಅವಳಿದ್ದಾಳೋ ಬರೀ ಹೊದಿಕೆಯಿದೆಯೋ ತಿಳಿಯದಷ್ಟು ಸವೆದು ಜೀವ ಬಿಟ್ಟಳು.

"ಮುಂದಿನ ಸಲ ಆ ಕುರ್ಚಿಗೆ ಹೊಸ ದಿಂಬು ಬಂದಿತ್ತು. ಕೆಂಪು ಮಖಮಲ್ಲಿಂದು. ಹೊಲಿದವಳು ಆ ತಾಯಿನೇ. ಮಾಟಗಾರನ ಹತ್ರ ಹೋಗಿದ್ಲು ಅಂತಾರೆ. ಯಾರ ಹತ್ರಾನೂ ಹೋಗಿರಲಿಲ್ಲ ಅಂತಾನೂ ಅಂತಾರೆ. ಹೆತ್ತ ಹೊಟ್ಟೆಯ ಸಂಕಟಕ್ಕೆ ಮಂತ್ರ ಬೇರೆ ಬೇಕಾ, ಹೇಳಿ?"

"ಕಾಲ ಬದಲಾಗಿದೆ ಟೀಚರ್," ಎಂದಳು ಡಾಕ್ಟರ್, ಕೈಚೀಲದಿಂದ ಆಹ್ವಾನದ ಕಾರ್ಡು ತೆಗೆದು ತೋರಿಸುತ್ತ. "ಈಗ ಟೇಪೂ ಇಲ್ಲ, ಈಜುಡುಗೆಯೂ ಇಲ್ಲ. ಮದುವೆಯಾದವರು, ಮಕ್ಕಳಿರೋರು, ಕಪ್ಪು, ಬಿಳುಪು, ದಪ್ಪ, ಸಣ್ಣ, ಎಲ್ಲರೂ ಬರ್ತಾರೆ. ಆತ್ಮವಿಶ್ವಾಸಕ್ಕೆ ಕಿರೀಟ. ದಿಂಬಿಗೆ ಹೆದರಿ ಮನೇಲಿ ಕೂತ್ಕೊಳ್ಳೋ ಕಾಲ ಹೋಯ್ತು. ಅಷ್ಟಕ್ಕೂ ನನ್ನ ಹಿಂಭಾಗಕ್ಕೆ ಮಖಮಲ್ಲು ಚೆನ್ನಾಗೇ ಒಪ್ಪುತ್ತೆ ಬಿಡಿ!"

ಟೀಚರ್ ನಗಲಿಲ್ಲ. ಊರುಗೋಲು ಹುಡುಕಿಕೊಂಡು, ಗೋಡೆ ಹಿಡಿದು ಹೊರಟುಹೋದರು.

ಸ್ಪರ್ಧೆಯ ದಿನ ಮಧ್ಯಾಹ್ನ ಹೊರಗೆ ಉರಿಬಿಸಿಲು. ಸಭಾಂಗಣದ ಒಳಗೆ ಮಾತ್ರ ಕಿಟಕಿಗಳಿಗೆಲ್ಲ ಕಪ್ಪು ಪರದೆ ಎಳೆದು ಕತ್ತಲೆ ತುಂಬಿಸಿದ್ದರು. ಪೌಡರು, ಅತ್ತರು, ಬೆವರು, ಬಿಸಿಯೇರಿದ ದೀಪಗಳ ವಾಸನೆ. ಒಡವೆ ಅಂಗಡಿಯ ಯಜಮಾನ ಮತ್ತು ಒಬ್ಬ ಹಳೆಯ ನಟಿ, ಇಬ್ಬರೂ ಇದೇ ಊರಿನ ತೀರ್ಪುಗಾರರು, ಜನ ಸೇರುವ ಮೊದಲೇ ಬಂದು ಎಡಗಡೆಯ ಕುರ್ಚಿಗಳನ್ನು ಹಿಡಿದಿದ್ದರು. ಅವರಿಗೇಕೆ ಅಷ್ಟು ಅವಸರವಿತ್ತೆಂದು ಡಾಕ್ಟರಿಗೆ ಹೊಳೆಯಲಿಲ್ಲ. ಉಳಿದಿದ್ದ ಬಲತುದಿಯ ಕುರ್ಚಿಯಲ್ಲಿ ಕುಳಿತಳು.

ದಿಂಬು ಬೆಚ್ಚಗಿತ್ತು, ಆಗತಾನೆ ಯಾರೋ ಎದ್ದು ಹೋದ ಹಾಗೆ. ಅವಳ ಭಾರಕ್ಕೆ ಅದು ಕುಸಿದಾಗ ಬೇರೆಲ್ಲ ವಾಸನೆಗಳ ಅಡಿಯಿಂದ ಇನ್ನೊಂದು ಮೇಲೆದ್ದಿತು. ಸುಟ್ಟ ಕೂದಲಿನ ವಾಸನೆ. ಬಣ್ಣದ ಕೋಣೆಯಲ್ಲಿ ಯಾರೋ ಕೂದಲು ಗುಂಗುರು ಮಾಡಿಕೊಳ್ಳುತ್ತಿರಬೇಕು ಎಂದುಕೊಂಡಳು.

ಮೊದಲು ಬಂದವಳು ಶಾಲೆಯಲ್ಲಿ ಪಾಠ ಹೇಳುವ ಎಳೆಯ ಹುಡುಗಿ. ಹೆಣ್ಣುಮಕ್ಕಳ ಓದಿನ ಬಗ್ಗೆ ತಡವರಿಸದೆ ಮಾತಾಡಿ, ಕೊನೆಗೆ ಬಾಯಿ ತುಂಬ ನಕ್ಕಳು. ನಿರೂಪಕ ತನ್ನ ಜೇನಿನಂಥ ದನಿಯಲ್ಲಿ, "ನಮ್ಮ ಡಾಕ್ಟರ್ ಏನಂತಾರೆ?" ಎಂದ. ಜನ ಆಗಲೇ ನಗಲು ಸಿದ್ಧರಾಗಿದ್ದರು. ಆ ನಿರೀಕ್ಷೆ ಅವಳ ನೆತ್ತಿಗೇರಿತು.

"ಮಾತು ಬಹಳ ಚೆನ್ನಾಗಿತ್ತಮ್ಮಾ. ಆದ್ರೆ ಆ ಮುಂದಿನ ಎರಡು ಹಲ್ಲಿನ ಮಧ್ಯೆ ಒಂದು ಸ್ಕೂಟರ್ ನಿಲ್ಲಿಸಬಹುದಲ್ಲ!"

ಸಭಾಂಗಣ ಬಿರಿಯುವಂತೆ ನಕ್ಕಿತು. ಹುಡುಗಿಯ ತುಟಿಗಳು ಮುಚ್ಚಿಕೊಂಡವು. ವೇದಿಕೆಯಿಂದ ಇಳಿಯುವವರೆಗೂ ತೆರೆಯಲಿಲ್ಲ.

ಆಗ ಡಾಕ್ಟರ ನಾಲಿಗೆಯ ಮೇಲೆ ಏನೋ ಗಟ್ಟಿಯಾದದ್ದು ಉರುಳಿತು. ಬಾಯಲ್ಲಿ ತುಕ್ಕಿನ ರುಚಿ. ಕರವಸ್ತ್ರಕ್ಕೆ ಮೆಲ್ಲಗೆ ಉಗುಳಿದಳು. ಮುಂದಿನ ಹಲ್ಲು, ಬೇರು ಸಮೇತ. ಚೂರೂ ನೋವಿರಲಿಲ್ಲ. ಅದೇ ಅವಳನ್ನು ಹೆದರಿಸಿತು. ವಸಡು ಹಾಳಾಗಿದ್ದಿರಬೇಕು, ನಾಳೆಯೇ ತೋರಿಸಬೇಕು ಎಂದು ತನಗೆ ತಾನೇ ಹೇಳಿಕೊಂಡು ತುಟಿ ಬಿಗಿಹಿಡಿದಳು.

ಎರಡನೆಯವಳು ಬಸ್ ಡ್ರೈವರ್. ಖಾಕಿ ಅಂಗಿಯಲ್ಲೇ ಬಂದಿದ್ದಳು. "ನಾನು ಗಾಡಿ ಹತ್ತಿದಾಗ ಮೊದಲು ಗಂಡಸರು ಇಳಿದು ಹೋಗ್ತಿದ್ರು. ಈಗ ನನ್ನ ಬಸ್ಸಿಗೇ ಕಾಯ್ತಾರೆ," ಎಂದು ಕೈ ಬೀಸಿ ಹೇಳಿದಾಗ ಹಿಂದಿನ ಸಾಲಿನ ಹೆಂಗಸರು ಚಪ್ಪಾಳೆ ಹೊಡೆದರು. ಮತ್ತೆ ಮೈಕು ಡಾಕ್ಟರ ಕಡೆ ಬಂತು. ಬಿದ್ದ ಹಲ್ಲಿನ ಸಂದು ಕಾಣದ ಹಾಗೆ, ಕೈ ಅಡ್ಡ ಹಿಡಿದು, ಅಭ್ಯಾಸದ ಬಲಕ್ಕೆ ನಾಲಿಗೆ ತಾನೇ ಓಡಿತು.

"ಆ ಕೈ ನೋಡಿದ್ರಾ? ಇವ್ರು ಸ್ಟೇರಿಂಗ್ ಹಿಡಿದಿದ್ದಾರೋ, ಅರೆದು ಪುಡಿ ಮಾಡಿದ್ದಾರೋ! ಮಗು ಕೆನ್ನೆ ಮುಟ್ಟಿದ್ರೆ ಗೀರು ಬೀಳುತ್ತೆ."

ನಗು. ಡ್ರೈವರ್ ತನ್ನ ಅಂಗೈಗಳನ್ನೊಮ್ಮೆ ನೋಡಿಕೊಂಡು ಬೆನ್ನ ಹಿಂದೆ ಇಟ್ಟುಕೊಂಡಳು.

ಡಾಕ್ಟರ ಬಲಗೈಯಿಂದ ಮೈಕು ಜಾರಿ ಬಿತ್ತು. ಎತ್ತಿಕೊಳ್ಳಲು ಹೋದಳು. ಬೆರಳು ಬಗ್ಗಲಿಲ್ಲ. ಮೇಜಿನ ಪುಟ್ಟ ದೀಪಕ್ಕೆ ಕೈ ಒಡ್ಡಿ ನೋಡಿದಳು. ಬೆರಳುಗಳು ಕಡ್ಡಿಯಾಗಿದ್ದವು. ಬೂದಿ ಬಣ್ಣ. ಅದು ಮಣಿಕಟ್ಟಿನತ್ತ ಏರುತ್ತಿತ್ತು, ಬಟ್ಟೆಯಲ್ಲಿ ನೀರು ಹಬ್ಬುವಂತೆ. ಇಷ್ಟು ವರ್ಷ ಗಾಯಗಳಿಗೆ ಹೊಲಿಗೆ ಹಾಕಿದ ಕೈ. ಕ್ಲಿನಿಕ್ಕಿನ ಮಂಚದ ಮೇಲೆ ಕಂಡ ಕಾಲು ನೆನಪಾಯಿತು.

ಏಳಬೇಕು. ಎದ್ದು ಓಡಬೇಕು. ಆದರೆ ಕೈ? ಕೈಯನ್ನು ಹೀಗೇ ಇಲ್ಲಿ ಬಿಟ್ಟು ಹೋಗುವುದೇ? ಹಳಿದದ್ದಕ್ಕೆ ಹೋದದ್ದು ಹೊಗಳಿದರೆ ಬಂದೀತು. ಟೀಚರೂ ಯಾರನ್ನೋ ಹಳಿದಿರಬೇಕು. ಹೌದು, ಅದೇ. ಮುಂದಿನವಳು ಬರಲಿ. ಹೊಗಳಿ ಹೊಗಳಿ ಮುಳುಗಿಸಿಬಿಡುತ್ತೇನೆ.

ಮೂರನೆಯವಳು ಎರಡು ಮಕ್ಕಳ ತಾಯಿ. ಬೆಳಕಿಗೆ ಬಂದು ನಿಂತಳು. ದೊಡ್ಡ, ಕಪ್ಪು, ಹೊಳೆಯುವ ಕಣ್ಣು. ಅವಳಿನ್ನೂ ಬಾಯಿ ತೆರೆದಿರಲಿಲ್ಲ. ಡಾಕ್ಟರ್ ಎಡಗೈಯಲ್ಲಿ ಮೈಕು ಕಿತ್ತುಕೊಂಡಳು.

"ಎಂಥಾ ಕಣ್ಣಮ್ಮಾ ನಿನ್ನವು! ಆಹಾ! ಇಂಥ ಚೆಂದದ ಕಣ್ಣು ನಾನು ಎಲ್ಲೂ ನೋಡಿಲ್ಲ!"

ಬಲಗೈ ನೋಡಿಕೊಂಡಳು. ಕಿರುಬೆರಳು ಅಲುಗಿತೇ? ಅಲುಗಿದ ಹಾಗಾಯಿತು.

ಅಷ್ಟರಲ್ಲಿ ಕರೆಂಟು ಹೋಯಿತು.

ಕಗ್ಗತ್ತಲು. ಜನ ಗದ್ದಲ ಮಾಡುತ್ತಾರೆಂದು ಕಾದಳು. ಯಾರೂ ಮಾಡಲಿಲ್ಲ. ಸಂಗೀತ ನುಡಿಯುತ್ತಲೇ ಇತ್ತು. ಫ್ಯಾನು ತಿರುಗುತ್ತಿತ್ತು. ವೇದಿಕೆಯ ಮೇಲೆ ಆ ತಾಯಿ ತನ್ನ ಮಾತು ಶುರುಮಾಡಿದ್ದಳು.

"ದೀಪ... ಯಾರಾದ್ರೂ ದೀಪ ಹಾಕ್ರಿ!"

"ಎಲ್ಲಾ ದೀಪ ಉರೀತಿದೆಯಲ್ಲ ಡಾಕ್ಟ್ರೇ," ಎಂದ ನಿರೂಪಕ, ಗಾಬರಿಯಿಂದ, ಮೈಕು ದೂರ ಹಿಡಿದು.

ಕಣ್ಣು ಉಜ್ಜಿದಳು. ರೆಪ್ಪೆಯಡಿ ಗುಡ್ಡೆ ಸಿಗಲಿಲ್ಲ. ಬೆರಳಡಿ ಏನೋ ಮೆತ್ತಗೆ, ಪೊಳ್ಳಾಗಿ, ಒಳಕ್ಕೆ ಕುಸಿಯಿತು. ಕಿರುಚಿದಳು. ಮೇಜು ಮಗುಚಿತು. ಗಾಜು ಒಡೆಯಿತು. ಕುರ್ಚಿಗಳು ಕಿರುಗುಟ್ಟಿದವು. ಎಡಗಡೆಯ ಇಬ್ಬರೂ ದೂರ ಸರಿದ ಸದ್ದು. ಯಾರೂ ಮುಟ್ಟಲಿಲ್ಲ. ಒಬ್ಬರೂ ಹತ್ತಿರ ಬರಲಿಲ್ಲ. ಆಗ ವೇದಿಕೆಯ ಪಕ್ಕದಿಂದ ಯಾರೋ ಓಡಿಬಂದರು. ಒರಟು ಕೈಯೊಂದು ಅವಳ ತೋಳು ಹಿಡಿಯಿತು.

"ಏಳಿ ಮೇಡಂ. ನಾನು ಡ್ರೈವರ್. ನನ್ನ ಹೆಗಲು ಹಿಡ್ಕೊಳ್ಳಿ."

ನಡುದಾರಿಯಲ್ಲಿ ಕರೆದೊಯ್ಯುವಾಗ ಎರಡೂ ಕಡೆಯಿಂದ ಪಿಸುಮಾತು ಬಂತು. ಅಯ್ಯೋ, ಮುಖ ನೋಡೇ. ಎಷ್ಟು ಲಕ್ಷಣವಾಗಿದ್ಲು. ಇನ್ನು ಯಾರು ತಾನೇ ನೋಡ್ತಾರೆ. ಒಂದೊಂದೂ ಕಿವಿಗೆ ಸೂಜಿಯ ಹಾಗೆ ಇಳಿಯಿತು. ಬಾಗಿಲು ದಾಟಿದರು. ಬಿಸಿಲು ಮೈಗೆ ತಾಗಿತು. ಬೆಳಕು ಮಾತ್ರ ಬರಲಿಲ್ಲ.

ಟೀಚರ್ ಏನು ಹೇಳಿ ಕಾಲು ಕಳೆದುಕೊಂಡರೆಂದು ಆಗ ಅರ್ಥವಾಯಿತು. ಯಾವುದೋ ಹುಡುಗಿಯ ಹೆಜ್ಜೆಯನ್ನು ಮೆಚ್ಚಿ, ಪ್ರೀತಿಯಿಂದ, ಎರಡು ಮಾತಾಡಿರಬೇಕು.

ಒಳಗಿಂದ ಧ್ವನಿವರ್ಧಕದಲ್ಲಿ ನಿರೂಪಕನ ಜೇನುದನಿ ಕೇಳಿಸಿತು. "ಡಾಕ್ಟರಿಗೆ ಸ್ವಲ್ಪ ಹುಷಾರಿಲ್ಲ, ಗಾಬರಿ ಬೇಡ. ಅವರ ಜಾಗದಲ್ಲಿ ನಾನೇ ಕೂರ್ತೀನಿ. ಬನ್ನಿ, ನಮ್ಮ ಮುಂದಿನ ಸ್ಪರ್ಧಿ!" ಹೆಣ್ಣೊಬ್ಬಳು ಹಾಡತೊಡಗಿದಳು. ಡಾಕ್ಟರ್ ತಿರುಗಿ ನಿಂತು, "ಬೇಡ! ಏಳು! ಮಾತಾಡಬೇಡ!" ಎಂದು ಕೂಗಿದಳು. ಚಪ್ಪಾಳೆಯಲ್ಲಿ ಅದು ಮುಳುಗಿತು.

"ವಾಹ್! ಏನು ದನಿ ನಿಮ್ಮದು! ಇಂಥ ದನಿ ನಾನು—"

ನಿಂತಿತು.

ಧ್ವನಿವರ್ಧಕದಲ್ಲಿ ಬರೀ ಉಸಿರು. ಒದ್ದೆಯಾದ, ಏದುತ್ತಿರುವ ಉಸಿರು. ದನಿಯಿಲ್ಲದ ಬಾಯೊಂದು ತೆರೆದು ಮುಚ್ಚುವ ಸದ್ದು.

"ಮೈಕ್ ಕೆಟ್ಟಿತೇನೋ," ಎಂದಳು ಡ್ರೈವರ್.

"ವಾಪಸ್ ಕರ್ಕೊಂಡು ಹೋಗಿ. ಆ ಕುರ್ಚಿ ಹತ್ರ."

"ಹುಚ್ಚಾ ನಿಮಗೆ? ಮೊದಲು ಆಸ್ಪತ್ರೆ."

"ಇನ್ನೂ ಎಷ್ಟು ಹುಡುಗೀರು ಒಳಗಿದ್ದಾರೆ? ಇನ್ನೂ ಎಷ್ಟು ಜನ ಅಲ್ಲಿ ಕೂರ್ತಾರೆ? ನಡೀರಿ!"

ಎದುರು ನುಗ್ಗಿ ಬರುತ್ತಿದ್ದ ಜನರನ್ನು ತಳ್ಳಿಕೊಂಡು ಹೋದರು. ಡಾಕ್ಟರ್ ಎಡಗೈಯಿಂದ ತಡಕಿದಳು. ಮರದ ತೋಳು. ನಿರೂಪಕ ಆಗಲೇ ಎದ್ದು ಓಡಿದ್ದ, ಕುರ್ಚಿ ಖಾಲಿ. ಮಖಮಲ್ಲು. ಬಿಸಿ. ಕೈಯಡಿ ಅದು ಏರಿತು, ಇಳಿಯಿತು. ಉಸಿರಾಡುತ್ತಿತ್ತು. ಉಗುರು ಊರಿ ಹೊಲಿಗೆ ಹರಿದಳು. ಒಂದು ಉಗುರು ಕಿತ್ತು ಬಂತು. ಬಿಡಲಿಲ್ಲ. ಹಲ್ಲು ಹಚ್ಚಿ ಎಳೆದಳು. ದಿಂಬು ಬಾಯಿ ಬಿಟ್ಟಿತು.

"ಮೇಡಂ... ಇದು ಹತ್ತಿ ಅಲ್ಲ," ಎಂದಳು ಡ್ರೈವರ್. "ಜಡೆ. ಉದ್ದದ ಜಡೆ. ಸುತ್ತಿ ಸುತ್ತಿ ತುಂಬಿದ್ದಾರೆ. ಬುಡ ಒದ್ದೆಯಾಗಿದೆ. ಬೆಳೀತಾ ಇದೆ ಮೇಡಂ, ಇದು ಇನ್ನೂ ಬೆಳೀತಾ ಇದೆ."

ಹಿತ್ತಲ ಅಂಗಳದಲ್ಲಿ ಅದರ ಮೇಲೆ ಜನರೇಟರಿನ ಡೀಸೆಲ್ ಸುರಿದು ಡ್ರೈವರೇ ಕಡ್ಡಿ ಗೀರಿದಳು. ಬೆಂಕಿ ಸರಸರನೆ ಹೊತ್ತಿದ್ದು, ಒಳಗಿನಿಂದ ಎಳೆಯ ಹುಡುಗಿಯೊಬ್ಬಳು ನೀಳವಾಗಿ ಉಸಿರು ಬಿಟ್ಟದ್ದು ಡಾಕ್ಟರಿಗೆ ಕೇಳಿಸಿತು. ಆಮೇಲೆ ಬರೀ ಚಟಪಟ. ಬರೀ ಹೊಗೆ.

ಓಣಿಯ ಕಡೆಯಿಂದ ಚಪ್ಪಲಿ ಎಳೆಯುತ್ತ ಯಾರೋ ಬಂದು ಹತ್ತಿರ ನಿಂತರು.

"ಸುಟ್ಟುಬಿಟ್ರಾ?" ಮುದುಕಿಯೊಬ್ಬಳ ದನಿ. ಅದರಲ್ಲಿ ಸಿಟ್ಟಿರಲಿಲ್ಲ. "ಅವಳದ್ದು ಅಂತ ಅದೊಂದೇ ಉಳಿದಿತ್ತು."

ಡಾಕ್ಟರ್ ದನಿ ಬಂದ ಕಡೆಗೆ ಮಂಡಿಯೂರಿ ತೆವಳಿದಳು. ಸೆರಗಿನ ತುದಿ ಕೈಗೆ ಸಿಕ್ಕಿತು. ಗಟ್ಟಿಯಾಗಿ ಹಿಡಿದುಕೊಂಡಳು.

"ಅಮ್ಮಾ, ತಪ್ಪಾಯ್ತು. ನನ್ನ ಕಣ್ಣು ಬರುತ್ತಾ? ಹೇಳಿ ಅಮ್ಮಾ, ಬರುತ್ತಾ?"

"ನನ್ನ ಮಗಳು ಬರ್ತಾಳಾ?" ಎಂದಳು ಮುದುಕಿ.

ಸೆರಗು ಮೆಲ್ಲಗೆ ಬೆರಳ ನಡುವಿನಿಂದ ಜಾರಿಹೋಯಿತು. ಚಪ್ಪಲಿಯ ಸದ್ದು ಓಣಿಯೊಳಗೆ ಸಣ್ಣದಾಗುತ್ತ ಹೋಗಿ ನಿಂತಿತು. ಡ್ರೈವರ್ ಬಂದು ಡಾಕ್ಟರನ್ನು ಎಬ್ಬಿಸಿ, ಸೊಂಟ ಬಳಸಿ ನಡೆಸಿದಳು.

"ಮೆಟ್ಟಿಲಿದೆ ಮೇಡಂ, ನೋಡ್ಕೊಂಡು—" ಎಂದವಳು ತಟ್ಟನೆ ತಡೆದುಕೊಂಡಳು. ಆಮೇಲೆ, "ನಾನು ಹೇಳ್ತೀನಿ. ಈಗ ಕಾಲಿಡಿ," ಎಂದಳು.