ತುಂಬಿಟ್ಟ ಲೋಟ

ನಿಮ್ಮ ಊರಿನ ಜಗಲಿಯಲ್ಲಿ ಚಳಿಗಾಲವಿಡೀ ಸ್ವೆಟರ್ ಮಾರುವವನ ಹೆಸರನ್ನು ನೀವು ಎಂದಾದರೂ ಕೇಳಿದ್ದೀರಾ? ಚೌಕಾಸಿ ಮಾಡಲು ನಿಮಗೆ ನಾಲಿಗೆಯಿತ್ತು. ಹೆಸರು ಕೇಳಲು ಮಾತ್ರ ಇರಲಿಲ್ಲ.

ಅವನು ನೋರ್ಬು. ಟಿಬೆಟ್ ಬಿಟ್ಟು ಓಡಿಬಂದವರ ಮೊಮ್ಮಗ. ಬೈಲುಕುಪ್ಪೆಯಲ್ಲಿ, ಈ ನೆಲದಲ್ಲೇ ಹುಟ್ಟಿದರೂ ಅವನಿಗೆ ದೊರೆತದ್ದು ನಿರಾಶ್ರಿತನೆಂಬ ಗುರುತು. ಪ್ರತಿ ಚಳಿಗಾಲ ನರಸಿಂಹರಾಜಪುರಕ್ಕೆ ಬಂದು, ಶಾಂತವೀರಪ್ಪನವರ ಬಟ್ಟೆ ಅಂಗಡಿಯ ಜಗಲಿಯಲ್ಲಿ ಸ್ವೆಟರ್ ಹರಡುತ್ತಿದ್ದ. ಒಳಗೆ ಹೊಲಿಗೆ ಯಂತ್ರದ ಮುಂದೆ ಅವರ ಮಗಳು ಗಾನವಿ. ಗಿರಾಕಿಗೆ ಉದ್ದವಾದ ತೋಳನ್ನು ಮೋಟು ಮಾಡಿಕೊಡುವುದು ಅವಳ ಕೆಲಸ.

“ನಿಮ್ಮೂರಲ್ಲಿ ತುಂಬಾ ಹಿಮ ಬೀಳ್ತದಾ?” ಎಂದು ಮೊದಲ ದಿನ ಅವಳು ಕೇಳಿದ್ದಳು.

“ನಮ್ಮೂರಲ್ಲಿ ಜೋಳ ಬೆಳೀತಾರೆ ಮಾರಾಯ್ತಿ. ಹಿಮ ನಾನೂ ಟೀವಿಲೇ ನೋಡಿದ್ದು.”

ನಗು ತಡೆಯಲು ಅವಳು ಹಲ್ಲಿನಲ್ಲಿ ದಾರ ಕಚ್ಚಿದಳು. ಅಂದಿನಿಂದ ಸರಿಯಾಗಿದ್ದ ತೋಳುಗಳೂ ರಿಪೇರಿಗೆ ಬರತೊಡಗಿದವು. ಅವಳೂ ಅವುಗಳನ್ನು ಬಿಚ್ಚಿ, ಇದ್ದಂತೆಯೇ ಹೊಲಿದು, ತಲೆಯೆತ್ತದೆ ಹಿಂದಿರುಗಿಸುತ್ತಿದ್ದಳು.

ಪಕ್ಕದ ಕೊಪ್ಪದಲ್ಲಿ ಸ್ವಂತದ್ದೊಂದು ಅಂಗಡಿ ಹೂಡಿದ ಮೇಲೆ ಹೆಣ್ಣು ಕೇಳಲು ಮನೆಗೆ ಬರುವುದಾಗಿ ನೋರ್ಬು ಗಾನವಿಗೆ ಹೇಳಿದ್ದ. ಮಳಿಗೆ ಕೊಡುತ್ತೇನೆಂದಿದ್ದ ಮಾಲೀಕರು ಕೊನೆಗೆ, ಊರಿಗೆ ಸೇರದವರಿಗೆ ಬಾಡಿಗೆಗಿಲ್ಲವೆಂದರು. ಮೂರನೆಯ ತಲೆಮಾರಿಗೂ ಊರಿಗೆ ಸೇರದವನು ಇನ್ನಾವಾಗ ಸೇರಬೇಕು? ಖಾಲಿ ಗೋಡೆಗಳನ್ನು ಕಾಯುವುದೇ ಮರ್ಯಾದೆಯೆಂದು ನಮಗೆ ಯಾರು ಕಲಿಸಿದರು?

ಅವನ ಅಣ್ಣ ಪ್ಯಾರಿಸ್ಸಿನಲ್ಲಿದ್ದ. ಅಲ್ಲಿ ಆಶ್ರಯ ಕೇಳಲು ನೋರ್ಬು ಹೊರಟ.

ಹೊರಡುವ ಸಂಜೆ ಗಾನವಿಯ ಮನೆಗೆ ಬಂದ. ಅವಳ ತಾಯಿ ಪ್ರೇಮಕ್ಕ ಕಾಫಿ ಕೊಟ್ಟರು. ಕುಡಿದು, ಕೇಳಿ ಇನ್ನೊಮ್ಮೆ ಹಾಕಿಸಿಕೊಂಡ. ಆಮೇಲೆ ತುಂಬಿದ ಲೋಟವನ್ನು ಮುಟ್ಟದೆ, ಗಾನವಿಯನ್ನೊಮ್ಮೆ ನೋಡಿ, ಎದ್ದು ಹೋದ.

ಕೇಳಿ ಹಾಕಿಸಿಕೊಂಡದ್ದನ್ನು ಬಿಟ್ಟೇಳುವುದು ನಮ್ಮ ಕಡೆ ಮನೆಯವರಿಗೆ ಮಾಡುವ ಅವಮಾನ.

“ಹೊರದೇಶಕ್ಕೆ ಹೊರಟವನಿಗೆ ನಮ್ಮನೆ ಕಾಫಿ ಎಂತಕ್ಕೆ?” ಎಂದರು ಶಾಂತವೀರಪ್ಪ.

ಗಾನವಿ ಲೋಟವನ್ನು ಬಚ್ಚಲಿಗೆ ಚೆಲ್ಲಿದಳು. ಅವನ ಫೋನ್ ಕರೆಗಳನ್ನು ಎತ್ತಲೇ ಇಲ್ಲ.

ಮುಂದಿನ ಚಳಿಗಾಲ ಜಗಲಿಗೆ ಬಂದವಳು ಅವನ ಅಕ್ಕ ಡೋಲ್ಮಾ. ತನ್ನ ತಮ್ಮ ಬಿಟ್ಟುಹೋದ ಲೋಟವನ್ನು ಎಲ್ಲಿಟ್ಟಿದ್ದೀರೆಂದು ಅಳುಕುತ್ತಲೇ ವಿಚಾರಿಸಿದಳು. ಗಾನವಿಗೆ ಅರ್ಥವಾಗಲಿಲ್ಲ.

“ದೂರ ಹೋಗೋರು ನಮ್ಮಲ್ಲಿ ಲೋಟ ತುಂಬಿಸಿ ಇಟ್ಟು ಹೋಗ್ತಾರೆ,” ಎಂದಳು ಡೋಲ್ಮಾ. “ತಿರುಗಿ ಬಂದು ಕುಡೀತೇನೆ ಅಂತ. ಮನಸ್ಸು ಇಟ್ಟ ಮನೇಲಿ ಮಾತ್ರ.”

ಹೊಲಿಗೆ ಯಂತ್ರ ನಿಂತಿತು.

ಅಂದೇ ಗಾನವಿ ಫೋನ್ ಮಾಡಿದಳು. ನೋರ್ಬು ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದ. ಆಶ್ರಯದ ಅರ್ಜಿ ಇನ್ನೂ ತೀರ್ಮಾನವಾಗಿರಲಿಲ್ಲ. ಹೊರಗೆ ಹಿಮ ಬೀಳುತ್ತಿದೆಯೆಂದೂ, ಟೀವಿಯಲ್ಲಿ ಕಂಡಷ್ಟು ಚೆಂದವಿಲ್ಲವೆಂದೂ ಹೇಳಿದ.

“ನಿನ್ನ ಲೋಟ ಚೆಲ್ಲಿಬಿಟ್ಟೆ,” ಎಂದಳು.

ಆ ಕಡೆ ನೋರ್ಬು ನಲ್ಲಿ ನಿಲ್ಲಿಸಿದ.

“ಬಾಯಿಬಿಟ್ಟು ಹೇಳ್ಬೇಕಿತ್ತು ನೀನು,” ಎಂದಳು ಗಾನವಿ.

“ನಿನ್ನ ಅಪ್ಪನ ಎದುರು ಎಂತ ಹೇಳ್ಲಿ? ಅಂಗಡಿಯೂ ಇಲ್ಲ, ಊರೂ ಇಲ್ಲ.”

“ಈಗ ಹೇಳು.”

“ನೀನಿರೋದೇ ನನ್ನೂರು, ಗಾನವಿ. ಬರೋದು ಯಾವಾಗ ಅಂತ ಮಾತ್ರ ಗೊತ್ತಿಲ್ಲ. ಇನ್ನೊಂದು ಲೋಟ ತುಂಬಿಸಿಡು. ಸಕ್ಕರೆ ಕಮ್ಮಿ. ನಿನ್ನ ಅಮ್ಮ ಜಾಸ್ತಿ ಹಾಕ್ತಾರೆ.”

ಈಗ ಪ್ರತಿ ಸಂಜೆ ಗಾನವಿ ಕಿಟಕಿಯಲ್ಲಿ ಒಂದು ಲೋಟ ತುಂಬಿಸಿಡುತ್ತಾಳೆ. ಬೆಳಿಗ್ಗೆ ತಣ್ಣಗಾದ ಆ ಲೋಟವನ್ನು ಶಾಂತವೀರಪ್ಪನವರೇ ತೊಳೆದು ಅಲ್ಲಿಯೇ ಬೋರಲು ಹಾಕುತ್ತಾರೆ.

ಕೊಪ್ಪದ ಮಳಿಗೆಗೆ ಇಂದಿಗೂ ಬೀಗ. ಅಂಥದೊಂದು ಬೀಗದ ಕೀಲಿ ನಿಮ್ಮಲ್ಲಿದ್ದರೆ, ಈ ಚಳಿಗಾಲ ಜಗಲಿಗೆ ಬಂದವನ ಹೆಸರು ಕೇಳಿ. ಅವನು ಹೊರಟುಹೋಗುವ ಮುನ್ನ ದಯವಿಟ್ಟು ಬಾಗಿಲು ತೆಗೆಯಿರಿ.