ಎಂಟನೇ ಮನೆಯ ಗೆರೆ

ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ಮೂಟೆ ಹೊರುತ್ತಿದ್ದ ಅಪ್ಪ, ನಾನು ಕುಂಟೆಬಿಲ್ಲೆ ಆಡುವಾಗ ಪ್ರತಿ ಮನೆಗೂ ಚಪ್ಪಾಳೆ ತಟ್ಟುತ್ತಿದ್ದ. ಒಮ್ಮೆ ಎಂಟನೇ ಮನೆಯ ಗೆರೆ ತುಳಿದೆ. ಗೆಳತಿ ಧನಲಕ್ಷ್ಮಿ ಔಟೆಂದು ಕೂಗಿದಳು. ನಾನು ಇಲ್ಲವೆಂದೆ.

“ನನ್ ಮಗ್ಳು ಸುಳ್ಳೇಳಲ್ಲ ಕಣಮ್ಮ,” ಎಂದ ಅಪ್ಪ.

ಅವಳು ಅಳುತ್ತಾ ಹೋದಳು. ಅಪ್ಪ ನನ್ನ ಗೆಲುವನ್ನು ಮಂಡಿಯಲ್ಲೆಲ್ಲ ಹೇಳಿಕೊಂಡು ತಿರುಗಿದ.

ಅಪ್ಪ ತೀರಿಕೊಂಡು ಆರು ವರ್ಷ. ಹೋದ ಭಾನುವಾರ ಮಧ್ಯಾಹ್ನ, ಬಾಗಲಗುಂಟೆಯ ನಮ್ಮ ತಾರಸಿಯಲ್ಲಿ ಮಗಳಿಗೆಂದು ಸೀಮೆಸುಣ್ಣದಲ್ಲಿ ಮನೆಗಳನ್ನು ಬರೆದು, ಒಬ್ಬಳೇ ಕುಂಟಿ ನೋಡಿದೆ. ಪ್ರತಿ ಮನೆಗೂ ಬೆನ್ನ ಹಿಂದೆ ಚಪ್ಪಾಳೆ ಕೇಳಿಸಿತು. ಈರುಳ್ಳಿ ವಾಸನೆ ಬಂತು. ಎಂಟನೇ ಮನೆಯ ಗೆರೆ ತುಳಿದೆ, ಚಪ್ಪಾಳೆ ನಿಲ್ಲಲಿಲ್ಲ.

“ಅಪ್ಪಾ, ಅವತ್ತೂ ತುಳ್ದಿದ್ದೆ,” ಎಂದೆ, ಕಣ್ಣು ಮುಚ್ಚಿಕೊಂಡು.

ಚಪ್ಪಾಳೆ ನಿಂತಿತು. ಕಣ್ಣು ಬಿಟ್ಟರೆ ಯಾರೂ ಇಲ್ಲ. ನಾನು ತುಳಿದ ಗೆರೆಯೊಂದನ್ನೇ ಯಾರೋ ಒದ್ದೆ ಕೈಯಲ್ಲಿ ಒರೆಸಿದ್ದರು. ಆ ಬಿಸಿಲಲ್ಲೂ ಒದ್ದೆ ಆರಿರಲಿಲ್ಲ.